ಕಾಲುವೆ ಗುಂಟ ಕಾನೂನು ಕಾಲೇಜು

ಸೋಮವಾರ, ಬಳ್ಳಾರಿ

ಶ್ರಾವಣ ಬಂತೆಂದರೆ ನಮ್ಮ ಕಾನೂನು ಕಾಲೇಜಿನ ನೋಟಿಸ್ ಬೋರ್ಡಿಗೆ ಸೆಮಿಸ್ಟರಿನ ಕಾರ್ಯಕ್ರಮಗಳ ಪಟ್ಟಿ ಬೀಳಬೇಕು. ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವ, ನವೆಂಬರ್ 9ಕ್ಕೆ ಕಾನೂನು ಸೇವೆಗಳ ದಿನ, 26ಕ್ಕೆ ಸಂವಿಧಾನ ದಿನ. ನಡುನಡುವೆ ವಿಶೇಷ ಉಪನ್ಯಾಸ, ಹಳ್ಳಿಯಲ್ಲೊಂದು ಕಾನೂನು ಅರಿವು ಶಿಬಿರ, ಒಂದು ಮೂಟ್ ಕೋರ್ಟ್, ಅಂದರೆ ವಿದ್ಯಾರ್ಥಿಗಳೇ ವಾದಿಸುವ ಅಣಕು ನ್ಯಾಯಾಲಯ. ಹೋದ ವರ್ಷದ ಹಾಳೆಗೆ ಹೊಸ ತಾರೀಖು ಹಾಕಿದರೂ ನಡೆದುಹೋಗುತ್ತದೆ, ಯಾರೂ ಕೇಳುವುದಿಲ್ಲ. ಈ ಸಲ ರಾಯಚೂರಿನ ಕಾಲೇಜಿನವರು ಜಂಟಿಯಾಗಿ ಮಾಡೋಣ ಅಂದಿದ್ದರು. ಅದೇ ನೆಪವಾಗಿ ಅಂತಿಮ ವರ್ಷದ ಮೂವರನ್ನು ಕಟ್ಟಿಕೊಂಡು ಹೊರಟೆ: ಸಂಡೂರಿನ ಹುಡುಗಿ, ಕಾರಟಗಿಯ ಹುಡುಗ, ಮಾನ್ವಿಯ ಹುಡುಗ. ಊರೂರಿಗೆ ಹೋಗಿ, ಮಾತಾಡಿ, ವಿಷಯ ಮತ್ತು ದಿನ ಗೊತ್ತು ಮಾಡಿಕೊಂಡು ಬರುವುದು. ಜತೆಗೆ ಹುಡುಗರ ಕೋರ್ಟ್ ಡೈರಿಯ ಕೆಲಸವೂ ಇತ್ತು. ಬಾರ್ ಕೌನ್ಸಿಲ್ ನಿಯಮದಂತೆ ಪ್ರತಿಯೊಬ್ಬರೂ ಒಂದು ಸಿವಿಲ್, ಒಂದು ಕ್ರಿಮಿನಲ್ ಪ್ರಕರಣದ ವಿಚಾರಣೆಯನ್ನು ಕೂತು ನೋಡಿ ಬರೆಯಬೇಕು, ಅದಕ್ಕೆ 30 ಅಂಕ.

ಮೊದಲ ಭೇಟಿ ಊರಲ್ಲೇ, ಹಿರಿಯ ವಕೀಲರೊಬ್ಬರ ಚೇಂಬರಿನಲ್ಲಿ. ಗಣಿ ಕಾನೂನಿನ ಮೇಲೆ ಉಪನ್ಯಾಸ ಕೊಡಬೇಕೆಂದು ಕೇಳಿದೆವು. ನಾವು ಟೈಪ್ ಮಾಡಿಸಿದ ಶೀರ್ಷಿಕೆ ‘ಗಣಿಗಾರಿಕೆ ಮತ್ತು ಪರಿಸರ: ಸಮಕಾಲೀನ ಸವಾಲುಗಳು’ ಎಂದಿತ್ತು. ಅವರು ಕನ್ನಡಕದ ಮೇಲಿಂದ ನೋಡಿದರು.

“ಸವಾಲು ಯಾವ್ದಮ್ಮಾ? ಹೆಸರು ಹೇಳ್ರಿ. 2011ರ ಜುಲೈಯಾಗ ಲೋಕಾಯುಕ್ತ ಸಂತೋಷ್ ಹೆಗ್ಡೆಯವ್ರು ವರದಿ ಕೊಟ್ರು. ಅದೇ ತಿಂಗಳು 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ನಿಲ್ಸ್ತು. 2013ರ ಏಪ್ರಿಲ್ 18ಕ್ಕೆ, ಉಲ್ಲಂಘನೆ ಎಷ್ಟು ಅಂತ ನೋಡಿ ಎ, ಬಿ, ಸಿ ಅಂತ ಗಣಿಗಳನ್ನ ವಿಂಗಡಿಸಿ ತೀರ್ಪು ಬಂತು. ನಿಮ್ ಹುಡುಗ್ರು ಆ ತೀರ್ಪು ಓದ್ಯಾರೇನು?”

ಓದಿರಲಿಲ್ಲ. ಭಾಷಣ ಬೇಡ, ತೀರ್ಪಿನ ಪ್ರತಿ ಕೈಯಲ್ಲಿಟ್ಟುಕೊಂಡು ಎರಡು ಮಧ್ಯಾಹ್ನ ಕೂರೋಣ ಎಂದರು. ಸಂಡೂರಿನ ಹುಡುಗಿ ಅಲ್ಲಿಯತನಕ ಸುಮ್ಮನಿದ್ದವಳು, “ಸರ್, 2015ರಲ್ಲಿ ಗಣಿ ಕಾಯ್ದೆ ತಿದ್ದುಪಡಿ ಆದಮೇಲೆ ಜಿಲ್ಲಾ ಖನಿಜ ನಿಧಿ ಅಂತ ಬಂತಲ್ಲ, ಅದರ ದುಡ್ಡು ಗಣಿ ಪಕ್ಕದ ಊರಿಗೇ ಖರ್ಚಾಗಬೇಕು ಅಂತ ಕೇಳೋಕೆ ಊರಿನವರಿಗೆ ಹಕ್ಕಿದೆಯಾ?” ಎಂದಳು. ಅವಳ ಮನೆಯ ಅಂಗಳಕ್ಕೆ ಅದಿರಿನ ಕೆಂಪು ಧೂಳು ಬೀಳುತ್ತದೆ, ನನಗೆ ಗೊತ್ತು. ವಕೀಲರು ಶೀರ್ಷಿಕೆಗೆ ಅಡ್ಡಗೆರೆ ಎಳೆದು ಅವಳ ಪ್ರಶ್ನೆಯನ್ನೇ ಬರೆದುಕೊಂಡರು. ಉಪನ್ಯಾಸ ಒಂದು, ಖಾತ್ರಿಯಾಯಿತು.

ಸಂಜೆ ರಾಘವ ಕಲಾಮಂದಿರದ ಮುಂದೆ ಹಾದು ಹೋಗುವಾಗ ಹುಡುಗರಿಗೆ ಹೇಳಿದೆ: ಬಳ್ಳಾರಿ ರಾಘವ ಎಂಬ ಆ ದೊಡ್ಡ ನಟ ಮದ್ರಾಸಿನಲ್ಲಿ ಕಾನೂನು ಓದಿ ಇದೇ ಊರಲ್ಲಿ ವಕೀಲಿಕೆ ಮಾಡಿದವರು. ಅವರಿಗಿಂತ ಹಿಂದಿನ ತಲೆಮಾರಿನ ನಾಟಕಕಾರರು, ಧರ್ಮವರಂ ರಾಮಕೃಷ್ಣಮಾಚಾರ್ಯರು ಮತ್ತು ಕೋಲಾಚಲಂ ಶ್ರೀನಿವಾಸರಾಯರು, ಅವರೂ ಬಳ್ಳಾರಿ ಕೋರ್ಟಿನ ವಕೀಲರೇ. ಹಗಲೆಲ್ಲ ಕೋರ್ಟು, ರಾತ್ರಿ ತೆಲುಗು ರಂಗಭೂಮಿ. ನಮ್ಮ ಮೂಟ್ ಕೋರ್ಟಿನಲ್ಲಿ ಹುಡುಗರು ಕೊರಳಿಗೆ ಹಗ್ಗ ಬಿಗಿದವರಂತೆ ನಿಂತು ‘ಮೇ ಇಟ್ ಪ್ಲೀಸ್ ಯುವರ್ ಲಾರ್ಡ್‌ಶಿಪ್’ ಎಂದು ಗಿಳಿಪಾಠ ಒಪ್ಪಿಸುವುದನ್ನು ನೋಡಿದಾಗೆಲ್ಲ ನನಗೆ ಈ ಮೂವರ ನೆನಪಾಗುತ್ತದೆ. ಒಗ್ಗರಣೆ ಮಿರ್ಚಿ ತಿನ್ನುತ್ತ, ಈ ಸಲ ಮೂಟ್ ಕನ್ನಡದಲ್ಲೇ ನಡೆಯಲಿ ಎಂದೆ. ಕಾರಟಗಿ ಹುಡುಗನ ಮುಖ ಅರಳಿತು, ಮಾನ್ವಿಯವನು ‘ಹೈಕೋರ್ಟಿನಾಗ ಕನ್ನಡ ನಡಿಯಂಗಿಲ್ಲಲ್ರಿ ಮೇಡಂ’ ಎಂದು ಆಕ್ಷೇಪ ದಾಖಲಿಸಿದ. ಅದೂ ನಿಜವೇ. ಸದ್ಯಕ್ಕೆ ಆ ವಾದವನ್ನು ಕಾದಿರಿಸಿದೆವು.

ಮಂಗಳವಾರ, ಕೊಪ್ಪಳ

ಬೆಳಗಿನ ರೈಲು. ತೋರಣಗಲ್ಲು ಉಕ್ಕಿನ ಕಾರ್ಖಾನೆ ದಾಟಿ, ಹೊಸಪೇಟೆ ಬಿಟ್ಟು, ತುಂಗಭದ್ರೆಯ ಸೇತುವೆ ಮೇಲೆ ರೈಲು ಹೋಗುವಾಗ ಎಲ್ಲರೂ ಕಿಟಕಿಗೆ ಮುಗಿಬಿದ್ದರು. 33 ಕ್ರೆಸ್ಟ್ ಗೇಟುಗಳ ಅಣೆಕಟ್ಟು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ ಈ ಭಾಗದ ರೈತರು ನಿದ್ದೆ ಮಾಡಿರಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗ ಮುಚ್ಚುವ ಉಕ್ಕಿನ ತುಂಡುಗಳನ್ನು ಇಳಿಸಿ ವಾರದಲ್ಲಿ ನೀರು ಹಿಡಿದು ನಿಲ್ಲಿಸಿದರು. “ಆಗ ನಮ್ಮಪ್ಪ ನಾಟಿ ಮಾಡಿಸಿ ಮೂರು ದಿನ ಆಗಿತ್ರಿ” ಎಂದ ಕಾರಟಗಿ ಹುಡುಗ. “ನಮ್ಮಪ್ಪ ಮಾಡೇ ಇದ್ದಿಲ್ಲ” ಎಂದ ಮಾನ್ವಿಯವನು, “ನೀರು ನಮ್ ಕಡಿ ಬಂದಿದ್ರಲ್ಲ!”

ಇಬ್ಬರೂ ಒಂದೇ ಬೆಂಚಿನ ಗೆಳೆಯರು. ಇಬ್ಬರ ಹೊಲಕ್ಕೂ ಒಂದೇ ಕಾಲುವೆ. ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ ಮುನಿರಾಬಾದಿನಲ್ಲಿ ಹುಟ್ಟಿ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಸೀಮೆ ಹಾಯ್ದು ರಾಯಚೂರಿನ ಕಡೆ ಹೋಗುತ್ತದೆ, ಒಟ್ಟು 227 ಕಿಲೋಮೀಟರ್. ನಮ್ಮ ದಾರಿಯೂ ಹೆಚ್ಚುಕಡಿಮೆ ಅದೇ.

ಕೊಪ್ಪಳದ ಜಿಲ್ಲಾ ನ್ಯಾಯಾಲಯದಲ್ಲಿ ಹುಡುಗರು ಡೈರಿ ಬಿಚ್ಚಿದರು. ಸಿವಿಲ್ ಹಾಲಿನಲ್ಲಿ ಪಾಲುವಾಟ್ನಿಯ ದಾವೆ. ಅಟೆಂಡರ್ ಬಾಗಿಲಲ್ಲಿ ನಿಂತು ಹೆಸರು ಕೂಗಿದ, ವಯಸ್ಸಾದವರೊಬ್ಬರು ಎದ್ದು ಬರುವಷ್ಟರಲ್ಲಿ ಎದುರು ಪಾರ್ಟಿಯ ವಕೀಲರು ಟೈಮ್ ಕೇಳಿದರು, ಮುಂದಿನ ತಾರೀಖು ಬಿತ್ತು. ಸಂಡೂರಿನ ಹುಡುಗಿ ಗಡಿಯಾರ ನೋಡಿಕೊಂಡಳು. “ಇಷ್ಟಕ್ಕೆ 30 ಅಂಕ ಹೆಂಗೆ ಬರೀಲಿ ಮೇಡಂ?” ಹೊರಗೆ ಹೋಗಿ ಆ ಹಿರಿಯರನ್ನೇ ಕೇಳು, ಯಾವ ಊರಿಂದ ಬಂದರು, ಬಸ್ ಚಾರ್ಜ್ ಎಷ್ಟು, ಇವತ್ತಿನ ಕೂಲಿ ಎಷ್ಟು ಹೋಯಿತು, ಅದನ್ನು ಬರಿ ಎಂದೆ. ಡೈರಿಯ ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ. ಹಾಳೆಯ ಹಿಂಬದಿ ಬರೆದಳು.

ಸೆಷನ್ಸ್ ಕೋರ್ಟಿನ ಮುಂದೆ ನಿಂತಾಗ ಮರಕುಂಬಿಯ ಮಾತು ಬಂತು. ಗಂಗಾವತಿ ತಾಲೂಕಿನ ಆ ಊರಿನಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಇದೇ ನ್ಯಾಯಾಲಯ 101 ಜನರನ್ನು ಅಪರಾಧಿಗಳೆಂದು ತೀರ್ಮಾನಿಸಿ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ದೇಶದ ಪತ್ರಿಕೆಗಳೆಲ್ಲ ಆ ದಿನ ಕೊಪ್ಪಳದ ಹೆಸರು ಬರೆದವು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠದಿಂದ ಬಹುತೇಕರಿಗೆ ಜಾಮೀನು ಸಿಕ್ಕಿತು, ಆಗ ಅಷ್ಟು ಜನ ಬರೆಯಲಿಲ್ಲ. ವಕೀಲರ ಸಂಘದ ಕೊಠಡಿಯಲ್ಲಿ ಇದರ ಮೇಲೆ ಉಪನ್ಯಾಸ ಕೇಳಿದಾಗ ಒಬ್ಬರು, ಮೇಲ್ಮನವಿ ನಡೆಯುತ್ತಿರುವಾಗ ತೀರ್ಪಿನ ಗುಣದೋಷ ಬೇಡ, ತನಿಖೆಯಿಂದ ತೀರ್ಪಿನತನಕ ಹತ್ತು ವರ್ಷ ಯಾಕೆ ಹಿಡಿಯಿತು, ಸಾಕ್ಷಿಗಳನ್ನು ಹೇಗೆ ಉಳಿಸಿಕೊಂಡರು, ಅಷ್ಟನ್ನು ಹೇಳುತ್ತೇನೆ ಎಂದರು. ಅದೇ ಬೇಕಾಗಿದ್ದು. ಉಪನ್ಯಾಸ ಎರಡು.

ಚಹಾ ಕುಡಿಯುವಾಗ ಅವರೇ ಇನ್ನೊಂದು ಮಾತು ಹಾಕಿದರು. “ನೋಡ್ರಿ ಮೇಡಂ, 1997ರ ತನಕ ಕೊಪ್ಪಳ ರಾಯಚೂರು ಜಿಲ್ಲೆದಾಗ ಇತ್ತು. ಈಗ ನಮ್ ಕೇಸು ಧಾರವಾಡ ಪೀಠಕ್ಕ ಹೋಗ್ತಾವು, ರಾಯಚೂರಿನವ್ರದು ಕಲಬುರಗಿ ಪೀಠಕ್ಕ. ಕಾಲುವಿ ಮಾತ್ರ ಒಂದ ಐತಿ.” ಮಾನ್ವಿ ಹುಡುಗ ಲೋಟ ಕೆಳಗಿಟ್ಟ.

ಸಂಜೆ ಗವಿಮಠದ ಬೆಟ್ಟ ಹತ್ತಿ ಅಶೋಕನ ಶಾಸನ ನೋಡಿದೆವು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಫಲ ಸಿಗುತ್ತದೆ ಎಂಬುದು ಅದರ ಸಾರ. ಜನ ಓಡಾಡುವ ಜಾಗದಲ್ಲಿ, ಆಗಿನ ಆಡಳಿತದ ಭಾಷೆಯಲ್ಲಿ ಹಾಕಿದ ನೋಟಿಸು. ಇಲ್ಲಿನ ಜನರಿಗೆ ಅದು ಎಷ್ಟು ತಿಳಿಯಿತೋ.

ಬುಧವಾರ, ಕಾರಟಗಿ ಹತ್ತಿರ

ಗಂಗಾವತಿಯಿಂದ ಮುಂದೆ ಬಸ್ಸಿನ ಎರಡೂ ಬದಿ ನಾಟಿ. ಕಣ್ಣು ಹಾಯುವವರೆಗೆ ನೀರು ನಿಂತ ಗದ್ದೆ, ಬಗ್ಗಿದ ಹೆಂಗಸರ ಸಾಲು, ಅಕ್ಕಿ ಗಿರಣಿಗಳ ಚಿಮಣಿ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ಒಂದಾದ ಮೇಲೊಂದು. ಯೋಜನೆ ಮಾಡಿದವರು ಈ ಅಚ್ಚುಕಟ್ಟಿನ ಬಹುಪಾಲು ಜಮೀನಿಗೆ ಅರೆ ನೀರಾವರಿ ಬೆಳೆ ಎಂದು ಬರೆದಿದ್ದರು. ಜೋಳ, ಶೇಂಗಾ, ಹತ್ತಿ. ನೀರು ಮೊದಲು ಕಂಡವರು ಭತ್ತ ಹಚ್ಚಿದರು. ಕಾಗದದ ಮೇಲೆ ಅದು ಈಗಲೂ ನಿಯಮ ಉಲ್ಲಂಘನೆ, ನೆಲದ ಮೇಲೆ ಅದೇ ಇಲ್ಲಿನ ಬದುಕು.

ಶಿಬಿರ ಮಧ್ಯಾಹ್ನ ಎರಡಕ್ಕೆ ಎಂದು ನಾವು ಬರೆದಿದ್ದೆವು. ಹುಡುಗನ ಅವ್ವ ನಕ್ಕುಬಿಟ್ಟರು. “ನಾಟಿ ದಿನದಾಗ ಎರಡಕ್ಕ ಯಾರ್ ಬರ್ತಾರವ್ವಾ? ದೀಪ ಹಚ್ಚಿದ ಮ್ಯಾಲ ಮಾಡ್ರಿ.” ಹಾಗೇ ಆಯಿತು. ಗುಡಿ ಕಟ್ಟೆಯ ಮುಂದೆ ಒಂದು ಬಲ್ಬು, ಮಡಚು ಕುರ್ಚಿ ನಾಲ್ಕು, ಉಳಿದವರೆಲ್ಲ ನೆಲದ ಮೇಲೆ. ಹೆಂಗಸರೇ ಹೆಚ್ಚು. ಪಾದಕ್ಕೆ ಇನ್ನೂ ಕೆಸರು.

ಸಂಡೂರಿನ ಹುಡುಗಿ ಮೂಲಭೂತ ಕರ್ತವ್ಯಗಳ ಮೇಲೆ ಮಾತು ತಯಾರಿ ಮಾಡಿಕೊಂಡು ಬಂದಿದ್ದಳು. ಎರಡು ವಾಕ್ಯ ಆಗಿತ್ತೋ ಇಲ್ಲವೋ, ಮುಂದೆ ಕೂತ ಅಜ್ಜಿಯೊಬ್ಬರು ಕೈ ಎತ್ತಿದರು. “ತಂಗೀ, ಅದು ಆಮ್ಯಾಲ ಹೇಳವಂತಿ. ನನ್ ಮಗ ನಾಕ್ ಎಕರೆ ಲೀಜಿಗೆ ಹಾಕ್ಯಾನ. ಹ್ವಾದ್ ಸಲ ಮಳಿಗೆ ಬೆಳಿ ಬಿತ್ತು. ಪರಿಹಾರ ಮಾಲಕನ ಖಾತೆಗೆ ಬಂತು. ನಾವ್ ಕೇಳಿದ್ರ, ಪಹಣ್ಯಾಗ ನಿಮ್ ಹೆಸರೆಲ್ಲೈತಿ ಅಂದ. ಇದಕ್ಕ ಏನಂತೈತಿ ನಿಮ್ ಕಾನೂನು?”

ಅವಳು ನನ್ನ ಕಡೆ ನೋಡಿದಳು. ಉತ್ತರ ಹೇಳುವುದು ನನಗೂ ಕಷ್ಟವೇ ಆಗಿತ್ತು. ಕರ್ನಾಟಕ ಭೂಸುಧಾರಣೆ ಕಾಯ್ದೆಯ 5ನೇ ಕಲಂ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಬಹುತೇಕ ನಿಷೇಧಿಸುತ್ತದೆ. ಗೇಣಿದಾರನಿಗೆ ಭೂಮಿ ಸಿಗಲೆಂದು 1974ರಲ್ಲಿ ತಂದ ದೊಡ್ಡ ಬದಲಾವಣೆ ಅದು. ಆದರೆ ಲೀಜು ನಿಂತಿಲ್ಲ, ಬಾಯಿಮಾತಿಗೆ ಇಳಿದಿದೆ. ಕಾಗದವಿಲ್ಲ, ಆದ್ದರಿಂದ ಪರಿಹಾರವಿಲ್ಲ, ಬ್ಯಾಂಕಿನ ಬೆಳೆ ಸಾಲವೂ ಕಷ್ಟ. ಇದನ್ನೇ ಆದಷ್ಟು ಸರಳವಾಗಿ ಹೇಳಿದೆ. ಅಜ್ಜಿ ತಲೆಯಾಡಿಸಿದರು. “ಅಂದ್ರ ನಮಗ ಅಂತ ಮಾಡಿದ್ದು ನಮಗ ಇಲ್ಲಂದಂಗಾತು.” ಐದು ವರ್ಷ ಭೂ ಕಾನೂನು ಕಲಿಸಿದ ಯಾವ ಪಠ್ಯದಲ್ಲೂ ನಾನು ಇಷ್ಟು ಚಿಕ್ಕ ಟಿಪ್ಪಣಿ ಓದಿಲ್ಲ.

ಆಮೇಲೆ ಪ್ರಶ್ನೆಗಳು ನಿಲ್ಲಲಿಲ್ಲ. ಅಣ್ಣತಮ್ಮಂದಿರು ತವರಿನ ಹೊಲದ ಮೇಲೆ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ, ಈಗ ಏನಾದರೂ ಆಗುತ್ತದೆಯೇ ಎಂದು ಒಬ್ಬಾಕೆ ಕೇಳಿದರು. ಇದಕ್ಕೆ ನನ್ನ ಹುಡುಗಿಯೇ ನಿಂತಳು. ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿದೆಯೋ ಇಲ್ಲವೋ ಮೊದಲು ನೋಡಬೇಕು, ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಬರೀ ಛಾಪಾ ಕಾಗದದ ಮೇಲೆ ನಿಲ್ಲುವುದಿಲ್ಲ ಎಂದಳು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು 1994ರಲ್ಲೇ ಬಂತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ತಂದೆ ಆ ಹೊತ್ತಿಗೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟನ್ನೂ ಅವಳು ‘ನಿಮ್ ಅಪ್ಪ’, ‘ನಿಮ್ ಹೊಲ’ ಎಂದೇ ಹೇಳಿದ್ದು. ಕೊಪ್ಪಳದ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋದರೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರು ಪುಕ್ಕಟೆ, ಫೋನ್ ಮಾಡುವುದಾದರೆ 15100 ಎಂದಾಗ ಐದಾರು ಮೊಬೈಲುಗಳು ಹೊರಬಂದವು. ಒಬ್ಬಳು ಹುಡುಗಿ ಅಲ್ಲೇ ನಂಬರ್ ಒತ್ತಿ ಪರೀಕ್ಷಿಸಿದಳು. ರಾತ್ರಿ ಒಂಬತ್ತಾಗಿತ್ತು, ಹಗಲು ಮಾಡು ಎಂದು ಅವರವ್ವ ಗದರಿದರು.

ಮೂಲಭೂತ ಕರ್ತವ್ಯಗಳ ಹಾಳೆ ಬ್ಯಾಗಿನಲ್ಲೇ ಉಳಿಯಿತು. ನವೆಂಬರ್ 9ರ ಶಿಬಿರಕ್ಕೆ ವಿಷಯ ‘ಪಹಣಿ, ಪಾಲು, ಲೀಜು’ ಎಂದು ಅಲ್ಲೇ ಬರೆದೆವು. ದಿನದ ಬಗ್ಗೆ ಊರಿನವರದು ತಕರಾರು: ನವೆಂಬರಿನಲ್ಲಿ ಕೊಯ್ಲು ಶುರು, ಯಾರೂ ಸಿಗುವುದಿಲ್ಲ. ದೆಹಲಿಯವರು ಗೊತ್ತು ಮಾಡಿದ ದಿನಕ್ಕೆ ಕಾರಟಗಿಯ ಭತ್ತ ಕಾಯುತ್ತದೆಯೇ? ಶಿಬಿರವನ್ನು ಸೆಪ್ಟೆಂಬರ್ ಕೊನೆಗೆ, ಕಳೆ ಕಿತ್ತ ಮೇಲಿನ ಬಿಡುವಿಗೆ ತಂದೆವು. 9ಕ್ಕೆ ಕಾಲೇಜಿನಲ್ಲಿ ಬ್ಯಾನರ್ ಕಟ್ಟಿದರಾಯಿತು.

ಗುರುವಾರ, ಸಿಂಧನೂರು, ಮಾನ್ವಿ

ಸಿಂಧನೂರಿನಲ್ಲಿ ಊಟ ಬಿಟ್ಟರೆ ಹೇಳುವಂಥದ್ದೇನಿಲ್ಲ. ಊಟ ಮಾತ್ರ ಚೆನ್ನಾಗಿತ್ತು, ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ.

ಮಾನ್ವಿ ತಾಲೂಕಿಗೆ ಬರುತ್ತಿದ್ದಂತೆ ಹಸಿರು ತೆಳುವಾಯಿತು. ಹುಡುಗನ ಊರಿನ ಉಪಕಾಲುವೆಯ ದಂಡೆ ಮೇಲೆ ನಿಂತೆವು. ತಳದಲ್ಲಿ ಹೂಳು, ಅಲ್ಲಲ್ಲಿ ಜಾಲಿ. ಅವನ ಅಪ್ಪ ಹತ್ತಿ ಹಾಕಿದ್ದರು, ನೀರು ಬಂದರೆ ಬಂತು. “ಮುನಿರಾಬಾದಿನ್ಯಾಗ ಐಸಿಸಿ, ಅಂದ್ರ ನೀರಾವರಿ ಸಲಹಾ ಸಮಿತಿ ಮೀಟಿಂಗ್ ಆಗ್ತದ್ರಿ, ಇಷ್ಟು ದಿನ ನೀರು ಅಂತ ಪೇಪರಿನ್ಯಾಗ ಬರ್ತದ. ಕಾಲುವಿ 104ನೇ ಮೈಲಿನ್ಯಾಗ ನೀರಿನ ಮಟ್ಟ ತೋರ್ಸೋ ಗೇಜ್ ನೋಡ್ಕೋತ ಕೂಡೋದು ನಮ್ ಕೆಲಸ.” ಮೇಲುಭಾಗದಲ್ಲಿ ಪಂಪ್ ಹಾಕಿ ನೀರೆತ್ತುತ್ತಾರೆಂದು ಕೆಲವು ವರ್ಷ ಕಾಲುವೆ ಗುಂಟ 144 ಜಾರಿ ಮಾಡಿದ್ದೂ ಉಂಟು. 2024ರ ಜುಲೈಯಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 163 ಆಗಿದೆ. ಜನರ ಬಾಯಲ್ಲಿ ಇನ್ನೂ 144ನೇ. ಅದೇ ವರ್ಷ ನೀರಾವರಿ ಕಾಯ್ದೆಗೂ ತಿದ್ದುಪಡಿ ತಂದು ಅಕ್ರಮವಾಗಿ ನೀರೆತ್ತುವವರ ಮೇಲಿನ ಬಿಗಿ ಹೆಚ್ಚಿಸಿದರು.

ಕಾರಟಗಿ ಹುಡುಗ ಒಣ ಕಾಲುವೆಯ ತಳಕ್ಕೆ ಇಳಿದು ಸ್ವಲ್ಪ ದೂರ ನಡೆದ. ಅವನು ಕೊನೆ ಭಾಗ ನೋಡಿದ್ದು ಇದೇ ಮೊದಲಂತೆ. ಗೆಳೆಯನ ಅಪ್ಪ ಮೇಲಿಂದ ಕೇಳಿದರು, “ನಿಮ್ಮದು ಎಷ್ಟು ಎಕರಿ ಭತ್ತಪ್ಪಾ?” ಅವನು ಸಂಖ್ಯೆ ಹೇಳಲಿಲ್ಲ. “ಸ್ವಲ್ಪ ಐತ್ರಿ ಕಾಕಾ” ಎಂದ.

ಶುಕ್ರವಾರ, ರಾಯಚೂರು

ಕೋಟೆಯ 41 ಅಡಿ ಉದ್ದದ ಶಾಸನ ಕಲ್ಲನ್ನು, 1294ರದ್ದು, ಆಟೋದಿಂದ ಇಳಿದು ನೋಡಿ ಮತ್ತೆ ಆಟೋ ಹತ್ತಿದೆವು. ಹತ್ತೂವರೆಗೆ ಸಭೆ.

ರಾಯಚೂರಿನ ಅಧ್ಯಾಪಕ ಮಿತ್ರರು ಮೊದಲೇ ಕಾಲೆಳೆದರು. ಸೆಪ್ಟೆಂಬರ್ 17ರಂದು, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 ಜೆ ವಿಧಿಯ ಮೇಲೆ ಉಪನ್ಯಾಸ ಎಂದು ನಮ್ಮ ಪಟ್ಟಿಯಲ್ಲಿತ್ತು. “ಮೇಡಂ, 1948ರ 17ಕ್ಕೆ ನಿಜಾಮನಿಂದ ಬಿಡುಗಡೆ ಆಗಿದ್ದು ನಾವು. ನೀವು ಬಳ್ಳಾರಿಯವ್ರು ಮದ್ರಾಸಿನ್ಯಾಗ ಆರಾಮ ಇದ್ರಿ!” ಇತಿಹಾಸ ಅವರದೇ ಸರಿ. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ಯಾರಿಗೆ ಎಂದು ವಿಚಾರಣೆ ಮಾಡಿದ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ. ಅಂದಮೇಲೆ ನಮ್ಮ ಹಣೆಬರಹ ಬರೆದದ್ದೂ ನಿಮ್ಮ ಕಡೆಯವರೇ ಎಂದೆ. 371 ಜೆ ತಂದ ಸಂವಿಧಾನದ 98ನೇ ತಿದ್ದುಪಡಿ ಬಳ್ಳಾರಿಯನ್ನೂ ಒಳಗೆ ಸೇರಿಸಿಕೊಂಡಿತು. ನಮ್ಮ ವಿದ್ಯಾರ್ಥಿಗಳಿಗೆ 371 ಜೆ ಎಂದರೆ ಸೀಟು, ನೌಕರಿ ಮತ್ತು ಸರ್ಟಿಫಿಕೇಟು, ಮುಗಿಯಿತು. ಪ್ರತ್ಯೇಕ ಅಭಿವೃದ್ಧಿ ಮಂಡಳಿಯ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಬೇಕೆಂದು ಅದೇ ವಿಧಿಯಲ್ಲಿದೆ, ಅದನ್ನು ಓದಿಸುವ ಉಪನ್ಯಾಸ ಆಗಲಿ ಎಂದು ಒಪ್ಪಿದೆವು.

ಮೂಟ್ ಪ್ರಾಬ್ಲಮ್ಮಿಗೆ ಹೊತ್ತು ಹಿಡಿಯಿತು. ಇಂಥ ಸ್ಪರ್ಧೆಗಳಲ್ಲಿ ಯಾವಾಗಲೂ ಒಂದು ಕಾಲ್ಪನಿಕ ಗಣರಾಜ್ಯ, ಅದರಲ್ಲೊಂದು ಕಾಲ್ಪನಿಕ ಕಂಪನಿ, ಕೃತಕ ಬುದ್ಧಿಮತ್ತೆ, ದತ್ತಾಂಶ ಗೌಪ್ಯತೆ. ಆ ದೇಶಗಳಲ್ಲಿ ಮಳೆ ಬಂದದ್ದನ್ನು ನಾನು ಓದಿಲ್ಲ. ಮಾನ್ವಿ ಹುಡುಗ ರಾತ್ರಿಯೆಲ್ಲ ಕೂತು ಬರೆದದ್ದನ್ನು ಮುಂದಿಟ್ಟ. ಕೊನೆ ಭಾಗದ ರೈತರು ನೀರಿಗಾಗಿ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹಾಕುತ್ತಾರೆ. ಒಣಗಿದ ಹೊಲ ರಾಯಚೂರು ಜಿಲ್ಲೆಯಲ್ಲಿ, ಅಂದರೆ ಕಲಬುರಗಿ ಪೀಠ. ಗೇಟು, ಕಚೇರಿ, ನೀರು ಬಿಡುವ ತೀರ್ಮಾನ ಎಲ್ಲ ಮುನಿರಾಬಾದಿನಲ್ಲಿ, ಅಂದರೆ ಧಾರವಾಡ ಪೀಠ. ಅದೇ ಹೊತ್ತಿಗೆ ಮೇಲುಭಾಗದವರು ತಮ್ಮ ಪಂಪ್ ಕಿತ್ತದ್ದರ ವಿರುದ್ಧ ಧಾರವಾಡಕ್ಕೆ ಹೋಗಿದ್ದಾರೆ. ಯಾವ ಪೀಠ ಕೇಳಬೇಕು? ಅಚ್ಚುಕಟ್ಟಿನ ನಕ್ಷೆಯಲ್ಲಿ ಹೆಸರಿದ್ದ ಮಾತ್ರಕ್ಕೆ ನೀರು ಹಕ್ಕಾಗುತ್ತದೆಯೇ? ಹತ್ತಾರು ವರ್ಷ ಭತ್ತ ಬೆಳೆಯಲು ಬಿಟ್ಟ ಸರ್ಕಾರ ಈಗ ಅದನ್ನು ಉಲ್ಲಂಘನೆ ಎನ್ನಬಹುದೇ?

“ಮೊದಲನೇದಕ್ಕೆ 226(2) ಅಂತ ಬರೆದಿ, ಅದು ಬೇರೆ ಬೇರೆ ಹೈಕೋರ್ಟುಗಳ ನಡುವಿನ ಮಾತು” ಎಂದು ರಾಯಚೂರಿನ ಅಧ್ಯಾಪಕರು ಪೆನ್ಸಿಲ್ ಹಿಡಿದರು. “ಇಲ್ಲಿ ಹೈಕೋರ್ಟ್ ಒಂದೇ, ಪೀಠ ಎರಡು. ಪೀಠಗಳಿಗೆ ಜಿಲ್ಲೆ ಹಂಚಿದ ಅಧಿಸೂಚನೆ ಓದು. ಕಾರಣ ಎರಡೂ ಕಡೆ ಹುಟ್ಟಿದ್ರ ಏನು ಅಂತ ವಾದ ಕಟ್ಟು.” ಹುಡುಗ ಅಳಿಸಿ ಬರೆದ. ಸಂಡೂರಿನ ಹುಡುಗಿ ನಾಲ್ಕನೆಯ ಪ್ರಶ್ನೆ ಸೇರಿಸಿದಳು: ಲೀಜಿಗೆ ಮಾಡುವವರು ಈ ರಿಟ್‌ನಲ್ಲಿ ಅರ್ಜಿದಾರರಾಗಬಹುದೇ? ಪಹಣಿಯಲ್ಲಿ ಹೆಸರಿಲ್ಲದವರಿಗೆ ಕಾಲುವೆಯ ಮೇಲೆ ಏನಿದೆ?

ಭಾಷೆ ಕನ್ನಡ, ಮೆಮೋರಿಯಲ್ ಎನ್ನುವ ಲಿಖಿತ ವಾದವನ್ನು ಬೇಕಾದವರು ಇಂಗ್ಲಿಷಿನಲ್ಲಿ ಕೊಡಲಿ. ಜಾಗ ಸಿಂಧನೂರು, ಎರಡೂ ಕಡೆಯವರಿಗೆ ನಡುವೆ. ದಿನ ಕೋರ್ಟಿನ ದಸರಾ ರಜೆಯಲ್ಲಿ, ಆಗ ತೀರ್ಪುಗಾರರಾಗಿ ಕೂರಲು ವಕೀಲರು ಸಿಗುತ್ತಾರೆ: ಧಾರವಾಡದಲ್ಲಿ ವಾದಿಸುವವರೊಬ್ಬರು, ಕಲಬುರಗಿಯಲ್ಲಿ ವಾದಿಸುವವರೊಬ್ಬರು. ಎರಡೂ ಭಾಗದ ರೈತರನ್ನು ನೋಡಲು ಕರೆಯುವುದೋ ಬೇಡವೋ ಎಂದು ಚರ್ಚೆಯಾಗಿ, ಕರೆಯುವುದೆಂದಾಯಿತು. ಕುರ್ಚಿ ಮಾತ್ರ ಹಾಲಿನ ಎರಡು ಬದಿಗೆ.

ಪಕ್ಷ ಯಾರಿಗೆ ಯಾವುದು ಎಂದು ಚೀಟಿ ಎತ್ತಿಸಿದೆವು. ಕಾರಟಗಿಯವನಿಗೆ ಕೊನೆ ಭಾಗದ ರೈತರು ಬಂದರು, ಮಾನ್ವಿಯವನಿಗೆ ಮೇಲುಭಾಗ. “ಮೇಡಂ, ಬದಲಿ ಮಾಡ್ರಿ, ನಮ್ಮಪ್ಪ ಮನಿಗೆ ಸೇರ್ಸಂಗಿಲ್ಲ” ಎಂದು ಅವನು ಕೈಮುಗಿದ. ಯಾರೂ ಒಪ್ಪಲಿಲ್ಲ. ಮಧ್ಯಾಹ್ನದ ರೈಲು ಹತ್ತಿ ಗುಂತಕಲ್ಲಿನಲ್ಲಿ ಬಳ್ಳಾರಿ ಗಾಡಿಗೆ ಕಾಯುವಾಗ ಇಬ್ಬರೂ ಫೋನ್ ತೆಗೆದು ಅಪ್ಪಂದಿರ ನಂಬರ್ ಅದಲುಬದಲು ಮಾಡಿಕೊಂಡರು. ಮಾನ್ವಿಯವನು ಅಲ್ಲಿಂದಲೇ ಕಾರಟಗಿಗೆ ಹಚ್ಚಿ, “ಕಾಕಾ, ಒಂದ್ ಎಕರೆ ಭತ್ತಕ್ಕ ಎಷ್ಟ್ ಸಲ ನೀರು ಬಿಡ್ತೀರಿ?” ಎಂದು ಕೇಳಿ ಬರೆದುಕೊಳ್ಳತೊಡಗಿದ.